ಬಗ್ಗಡ ನೀರು ತಿಳಿಯಾಗುವ ಬಗೆ



ಮುಂಬೈಯಲ್ಲಿ ಮಳೆ ಹಿಡಿಯಿತೆಂದರೆ ನಿಮ್ಮ ಫೋನ್ ಕರೆಗಳ ಧಾಟಿಯೇ ಬದಲಾಗುತ್ತದೆ. ಲೋಕಲ್ ಟ್ರೈನಿನ ಪಾಡು ಮುಗಿದ ಮೇಲೆ ಬರುವುದು ನಲ್ಲಿಯ ಕಥೆ. "ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಚಹಾ ಬಣ್ಣದ ನೀರು. ಪಟಿಕ ಹಾಕಿ ಕುಡಿಯಬಹುದಾ?" ಇವತ್ತು ಈ ಪ್ರಶ್ನೆಯ ಬಗ್ಗೆಯೇ ಒಂದಿಷ್ಟು ಮಾತಾಡೋಣ.

ಮೊದಲು ಒಂದು ಸಣ್ಣ ಪ್ರಯೋಗ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಮಣ್ಣು, ಮೇಲೆ ನೀರು. ಚೆನ್ನಾಗಿ ಕುಲುಕಿ ಮೇಜಿನ ಮೇಲಿಡಿ. ಮರಳು ಒಂದೆರಡು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ನುಣ್ಣನೆಯ ಮಣ್ಣು ನಿಧಾನವಾಗಿ ಪದರ ಕಟ್ಟುತ್ತದೆ. ಆದರೆ ಜೇಡಿಯ ಕಣಗಳು ಮಾತ್ರ ಇಳಿಯುವುದೇ ಇಲ್ಲ. ಎರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟಿರುವ ಕಣ ನಿಂತ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ಬೇಕು. ಅದಕ್ಕಿಂತ ಸಣ್ಣದಕ್ಕೆ ದಿನಗಟ್ಟಲೆ.

ಉಪ್ಪು ನೀರಿನಲ್ಲಿ ಕರಗುತ್ತದೆ, ಮಣ್ಣು ಕರಗುವುದಿಲ್ಲ, ತೇಲಾಡುತ್ತದೆ ಅಷ್ಟೆ. ಹಾಗಾದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ಇಳಿಯಬಾರದೇಕೆ? ಅವುಗಳ ಮೈಮೇಲೆಲ್ಲ ಋಣ ವಿದ್ಯುದಂಶವಿರುತ್ತದೆ. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು, ಹತ್ತಿರ ಬಂದರೆ ದೂರ ತಳ್ಳುತ್ತವೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಧನ ವಿದ್ಯುದಂಶದ್ದು. ಅದು ನಡುವೆ ಬಂದು ಈ ಜಗಳ ಬಿಡಿಸುತ್ತದೆ. ಕಣಗಳು ಕೂಡಿ ಹತ್ತಿಯಂಥ ಗಡ್ಡೆಗಳಾಗಿ ತಳಕ್ಕಿಳಿಯುತ್ತವೆ. ಹೊಳೆಯ ಕೆಸರು ಸಮುದ್ರದ ಉಪ್ಪುನೀರಿಗೆ ಬಿದ್ದಾಗಲೂ ಹೀಗೆಯೇ ಗಡ್ಡೆ ಕಟ್ಟುತ್ತದೆ. ಶಿವಡಿಯಲ್ಲಿ ಫ್ಲೆಮಿಂಗೊ ಹಕ್ಕಿಗಳನ್ನು ನೋಡಲು ಹೋದವರು ಆ ಕೆಸರು ಬಯಲನ್ನು ನೆನಪಿಸಿಕೊಳ್ಳಿ. ಅಂಥ ಬಯಲುಗಳು ಬೆಳೆಯುವುದಕ್ಕೆ ಇದೂ ಒಂದು ಕಾರಣ.

ನಮ್ಮ ಹಿರಿಯರಿಗೆ ಈ ವಿದ್ಯುದಂಶದ ಲೆಕ್ಕ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ನಮ್ಮಜ್ಜಿ ಕೆರೆಯ ಕೆನ್ನೀರು ತಂದ ದಿನ ಗಡಿಗೆಯ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದಳು. ಸಂಸ್ಕೃತದಲ್ಲಿ ಅದೇ ಕತಕ. ಸುಶ್ರುತ ಸಂಹಿತೆಯಲ್ಲಿ ನೀರನ್ನು ತಿಳಿಗೊಳಿಸುವ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಡಕ್ಕೂ ಕೆಂಪು ನೀರು ಬಂತು. ಪಟಿಕ ತಿರುವಿದೆ. ಸಂಜೆಗೆ ಬಕೆಟ್ಟಿನ ತಳ ಕಾಣುವಷ್ಟು ತಿಳಿ! ಹೆಮ್ಮೆಯಿಂದ ಮಗಳಿಗೆ ಒಂದು ಲೋಟ ಕೊಟ್ಟೆ. ಮಾರನೆಯ ದಿನದಿಂದ ಮಗುವಿಗೆ ವಾಂತಿ ಭೇದಿ, ಮೂರು ದಿನ ಸಲೈನ್. ಡಾಕ್ಟರು ಕೇಳಿದ್ದು ಒಂದೇ ಮಾತು, "ನೀರು ಕುದಿಸಿದ್ದಿರಾ?" ನನ್ನ ಬಳಿ ಉತ್ತರವಿರಲಿಲ್ಲ.

ಕನ್ನಡದಲ್ಲಿ 'ತಿಳಿ' ಎಂದರೆ ಸ್ವಚ್ಛವೂ ಹೌದು, ಅರಿವೂ ಹೌದು. ಕನ್ನಡ ಬಿ.ಎ. ಓದಿದ ನನಗೆ ಆ ದಿನ ತಿಳಿನೀರು ಕಂಡಿತು, ತಿಳಿವಳಿಕೆ ಬರಲಿಲ್ಲ.

ನಲ್ಲಿಯಲ್ಲಿ ಮಣ್ಣು ಬಂದರೆ ಅದೊಂದು ಎಚ್ಚರಿಕೆ. ನೀರು ಬಿಡದ ಹೊತ್ತಿನಲ್ಲಿ ಕೊಳವೆಯ ಒತ್ತಡ ಇಳಿದು, ಬಿರುಕಿನಿಂದ ಹೊರಗಿನ ನೀರು ಒಳಗೆ ನುಗ್ಗಿರಬಹುದು. ಮಣ್ಣು ಬಂದ ದಾರಿಯಲ್ಲಿ ಚರಂಡಿಯೂ ಬರಬಹುದಲ್ಲವೇ? ಮಣ್ಣು ಕಣ್ಣಿಗೆ ಕಾಣುತ್ತದೆ, ರೋಗಾಣು ಕಾಣುವುದಿಲ್ಲ.

ಭಾಂಡುಪ್‌ನ ದೊಡ್ಡ ಶುದ್ಧೀಕರಣ ಕೇಂದ್ರದಲ್ಲಿ ಮಾಡುವ ಕೆಲಸವನ್ನೇ ನಾವು ಅಡುಗೆಮನೆಯಲ್ಲಿ ಅದೇ ಕ್ರಮದಲ್ಲಿ ಮಾಡಬಹುದು. ಬರೆದುಕೊಳ್ಳಿ.

ಮೊದಲನೆಯದು, ಗಡ್ಡೆಗಟ್ಟಿಸುವುದು. 20 ಲೀಟರ್ ಬಕೆಟ್ಟಿಗೆ ಅರ್ಧದಿಂದ ಒಂದು ಗ್ರಾಂ ಪಟಿಕ ಸಾಕು, ಹೆಚ್ಚಾದರೆ ಒಗರು. ಇಲ್ಲಿನ ಅಂಗಡಿಯಲ್ಲಿ 'ತುರಟಿ' ಎಂದು ಕೇಳಿ. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ತಿರುವಿ.

ಎರಡನೆಯದು, ಕೆಲವು ಗಂಟೆ ಅಲುಗಾಡಿಸದೆ ಬಿಡುವುದು.

ಮೂರನೆಯದು, ಗಸಿ ಕದಡದಂತೆ ಮೇಲಿನ ನೀರನ್ನು ಬಗ್ಗಿಸಿ, ಒಗೆದ ಹತ್ತಿ ಬಟ್ಟೆಯನ್ನು ನಾಲ್ಕಾರು ಮಡಿಕೆ ಮಾಡಿ ಸೋಸುವುದು.

ನಾಲ್ಕನೆಯದು, ಮರೆಯಬಾರದ್ದು: ಗುಳುಗುಳು ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸುವುದು. ಕ್ಲೋರಿನ್ ಮಾತ್ರೆ ಹಾಕುವುದಾದರೆ ಪೊಟ್ಟಣದ ಅಳತೆಯಂತೆ ಹಾಕಿ ಅರ್ಧ ಗಂಟೆ ಕಾಯಿರಿ.

ಕ್ರಮ ಏಕೆ ಮುಖ್ಯ? ಬಗ್ಗಡ ನೀರಿಗೆ ಹಾಕಿದ ಕ್ಲೋರಿನ್ ಅದರಲ್ಲಿನ ಕೊಳೆಗೇ ಖರ್ಚಾಗುತ್ತದೆ. ಅಲ್ಟ್ರಾವಯಲೆಟ್ ದೀಪದ ಫಿಲ್ಟರ್ ಇದ್ದರೂ ಅಷ್ಟೆ, ಕಣಗಳ ಮರೆಯಲ್ಲಿ ರೋಗಾಣು ಅಡಗಿ ಕೂರುತ್ತದೆ. ಇನ್ನು ಕರಗಿದ ಉಪ್ಪು, ರಾಸಾಯನಿಕಗಳು ಪಟಿಕಕ್ಕಾಗಲಿ ಬಟ್ಟೆಗಾಗಲಿ ಬಗ್ಗುವುದಿಲ್ಲ. ಹಾಗಾಗಿ ನೀರು ವಾಸನೆ ಹೊಡೆದರೆ ಕುಡಿಯಲೇಬೇಡಿ. ಸೊಸೈಟಿಯವರಿಗೆ ಹೇಳಿ ಟ್ಯಾಂಕ್ ತೊಳೆಸಿ, ವಾರ್ಡ್ ಆಫೀಸಿಗೆ ದೂರು ಬರೆದು ಕೊಡಿ. ಒಬ್ಬರು ಹೇಳಿದರೆ ಕೇಳದಿದ್ದರೂ ಇಡೀ ಮಹಡಿ ಹೇಳಿದರೆ ಕೇಳುತ್ತಾರೆ.

ನನ್ನ ಮಗಳು ಈಗ ದೊಡ್ಡವಳು. ಮಳೆಗಾಲದಲ್ಲಿ ಲೋಟ ಕೊಟ್ಟರೆ ಸಾಕು, "ಅಮ್ಮಾ, ಕುದಿಸಿದ್ದಾ?" ಎಂದು ಕೇಳಿಯೇ ಕುಡಿಯುತ್ತಾಳೆ. ನಿಮ್ಮ ಮನೆಯಲ್ಲೂ ಯಾರಾದರೊಬ್ಬರು ಹೀಗೆ ಕೇಳುವವರಿರಲಿ. ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ. ನಮಸ್ಕಾರ.