ಯಾವ ಸಾಲಿ ಛಲೋ ಅಂತ ಕೇಳುವ ಮೊದಲು



ಬೈಲಹೊಂಗಲದಿಂದ ಜರ್ಮನಿಗೆ ಹೊರಟವರೂ ಇದ್ದಾರೆ, ರಾಮದುರ್ಗದಿಂದ ಗೋವಾಕ್ಕೆ ಹೊರಟವರೂ ಇದ್ದಾರೆ. ಒಬ್ಬರ ಕೈಯಲ್ಲಿ ಪಾಸ್‌ಪೋರ್ಟ್, ಇನ್ನೊಬ್ಬರ ತಲೆಯ ಮೇಲೆ ಗಂಟು. ಇಬ್ಬರ ಜೊತೆಗೂ ಒಂದೊಂದು ಮಗು. ಇವತ್ತು ನಾನು ಮಾತಾಡೋದು ಆ ಮಕ್ಕಳ ಬಗ್ಗೆ.

ಮೊದಲು ಪಾಸ್‌ಪೋರ್ಟ್ ಇರುವವರ ಕಥೆ ನೋಡೋಣ. ಬೆಳಗಾವಿ ಸೀಮೆಯ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಸರ, ಅಲ್ಲಿ ಯಾವ ಸಾಲಿ ಛಲೋ ಐತ್ರಿ?” ಕಂಪನಿಯವರು ಆರ್ಡರ್ ಕೊಟ್ಟಿರುತ್ತಾರೆ, ವೀಸಾ ಬಂದಿರುತ್ತದೆ, ಟಿಕೆಟ್ ಬುಕ್ ಆಗಿರುತ್ತದೆ, ಮನೆ ಯಾವ ಏರಿಯಾದಲ್ಲಿ ಅನ್ನೋದೂ ತೀರ್ಮಾನ ಆಗಿರುತ್ತದೆ. ಎಲ್ಲ ಮುಗಿದ ಮೇಲೆ ಕೊನೆಗೆ ಸಾಲಿಯ ನೆನಪು!

ನಾನು ಅವರಿಗೆ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ನಿಮ್ಮ ಮಗು ಹತ್ತನೇ ಕ್ಲಾಸನ್ನು ಎಲ್ಲಿ ಬರೆಯುತ್ತದೆ? ಹನ್ನೆರಡನೇದನ್ನು ಎಲ್ಲಿ ಬರೆಯುತ್ತದೆ? ಆಗ ನೀವು ಎಲ್ಲಿರುತ್ತೀರಿ? ಬಹಳಷ್ಟು ಜನ ಸುಮ್ಮನಾಗುತ್ತಾರೆ. ಯಾಕೆಂದರೆ ಅಷ್ಟು ದೂರದ ಲೆಕ್ಕ ಯಾರೂ ಹಾಕಿರುವುದಿಲ್ಲ. ಆದರೆ ಆ ಲೆಕ್ಕ ಹಾಕದೆ ಶಾಲೆ ಆರಿಸುವುದು ಅಂದರೆ ಊರು ಯಾವುದೆಂದು ಗೊತ್ತಿಲ್ಲದೆ ಬಸ್ ಹತ್ತಿದ ಹಾಗೆ.

ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಸರ್ಕಾರಿ ಶಾಲೆಗೆ ಫೀ ಇಲ್ಲ, ಮಗುವನ್ನು ಶಾಲೆಗೆ ಕಳಿಸುವುದು ಕಡ್ಡಾಯ. ಬಹಳ ಒಳ್ಳೆಯದು. ಆದರೆ ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿಯುತ್ತಿದ್ದಂತೆ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತಾರೆ. ಬರ್ಲಿನ್‌ನಲ್ಲಿ ಆರನೇ ಕ್ಲಾಸಿನ ನಂತರ. ವಿಶ್ವವಿದ್ಯಾಲಯದ ನೇರ ದಾರಿ ಇರುವುದು ಗಿಮ್ನಾಸಿಯಂ ಅನ್ನುವ ಶಾಲೆಗೆ. ಆರು ವರ್ಷದ ಮಗು ಹೋದರೆ ಜರ್ಮನ್ ಕಲಿಯಲು ಅದಕ್ಕೆ ನಾಲ್ಕು ವರ್ಷ ಸಿಗುತ್ತದೆ. ಒಂಬತ್ತು ವರ್ಷದ ಮಗು ಹೋದರೆ? ಭಾಷೆ ಬಾಯಿಗೆ ಹತ್ತುವ ಮೊದಲೇ ವಿಂಗಡಣೆ ಎದುರಿಗೆ ನಿಂತಿರುತ್ತದೆ. ಮುಂದೆ ದಾರಿ ಬದಲಿಸಲು ಅವಕಾಶ ಇದೆ, ಇಲ್ಲ ಅಂತಲ್ಲ. ಆದರೆ ಹೋರಾಟ ಇಮ್ಮಡಿ.

ಅಮೆರಿಕದಲ್ಲಿ ಬೇರೆ ಲೆಕ್ಕ. ಸರ್ಕಾರಿ ಶಾಲೆ ಹನ್ನೆರಡನೇ ಕ್ಲಾಸಿನವರೆಗೂ ಉಚಿತ. ಆದರೆ ಯಾವ ಶಾಲೆ ಅನ್ನೋದನ್ನು ಸಾಮಾನ್ಯವಾಗಿ ನಿಮ್ಮ ಮನೆಯ ವಿಳಾಸ ತೀರ್ಮಾನ ಮಾಡುತ್ತದೆ. ಅಂದರೆ ಅಲ್ಲಿ ಮನೆ ಹುಡುಕುವುದೇ ಶಾಲೆ ಹುಡುಕುವುದು. ದುಬೈಯಲ್ಲಿ ಇನ್ನೂ ಬೇರೆ. ಹೊರಗಿನಿಂದ ಹೋದವರ ಮಕ್ಕಳು ಓದುವುದು ಬಹುತೇಕ ಖಾಸಗಿ ಶಾಲೆಗಳಲ್ಲಿ. ಸಿಬಿಎಸ್‌ಇ ಶಾಲೆಗಳೂ ಅಲ್ಲಿ ಸಾಕಷ್ಟಿವೆ. ಬ್ರಿಟಿಷ್, ಅಮೆರಿಕನ್ ಪಠ್ಯದ ಶಾಲೆಗಳಿಗಿಂತ ಅವುಗಳ ಫೀ ಸಾಮಾನ್ಯವಾಗಿ ಕಡಿಮೆ. ಮೂರು ನಾಲ್ಕು ವರ್ಷದಲ್ಲಿ ವಾಪಸ್ ಬರುವವರು ಅಕ್ಕಪಕ್ಕದ ಮನೆಯವರನ್ನು ನೋಡಿ ದೊಡ್ಡ ಹೆಸರಿನ ವಿದೇಶಿ ಪಠ್ಯಕ್ಕೆ ಯಾಕೆ ಹಾಕಬೇಕು ಹೇಳಿ?

ಈಗ ವಾಪಸ್ ಬರುವ ವಿಚಾರಕ್ಕೆ ಬರೋಣ. ಇದನ್ನು ಬರೆದಿಟ್ಟುಕೊಳ್ಳಿ. ಕರ್ನಾಟಕದಲ್ಲಿ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಬೇಕಾದರೆ ಮುಖ್ಯ ನಿಯಮ ಒಂದಿದೆ. ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹತ್ತನೇದು ಅಥವಾ ಹನ್ನೆರಡನೇದು, ಒಂದನ್ನಾದರೂ ಇಲ್ಲೇ ಪಾಸಾಗಿರಬೇಕು. ಮೂರನೇ ಕ್ಲಾಸ್ ಮುಗಿಸಿ ಹೋದ ಮಗು ಒಂಬತ್ತನೇ ಕ್ಲಾಸಿಗೆ ವಾಪಸ್ ಬಂದರೆ ಮೂರು ಕೂಡಿಸು ನಾಲ್ಕು, ಏಳು. ಲೆಕ್ಕ ಸರಿ. ಅದೇ ಮಗು ಹತ್ತನೇ ಕ್ಲಾಸಿಗೆ ಬಂದರೆ? ಆರು. ಒಂದು ವರ್ಷ ಕಡಿಮೆ! ಬೇರೆ ಷರತ್ತುಗಳ ಅಡಿಯಲ್ಲೂ ಕೆಲವು ದಾರಿಗಳಿವೆ. ಅವು ನಿಮಗೆ ಅನ್ವಯಿಸುತ್ತವೆಯೋ ಇಲ್ಲವೋ ಅಂತ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕವನ್ನು ಹೊರಡುವ ಮುನ್ನವೇ ಓದಿ. ವಾಪಸ್ ಬಂದ ಮೇಲೆ ಓದಿ ಏನು ಪ್ರಯೋಜನ?

ಇನ್ನೊಂದು ಮಾತು. ಒಂಬತ್ತು–ಹತ್ತು ಒಂದು ಜೋಡಿ, ಹನ್ನೊಂದು–ಹನ್ನೆರಡು ಇನ್ನೊಂದು ಜೋಡಿ. ಈ ಜೋಡಿಯ ಮಧ್ಯದಲ್ಲಿ ಮಗುವನ್ನು ಕೀಳಬೇಡಿ. ನೇರವಾಗಿ ಹತ್ತನೇ ಅಥವಾ ಹನ್ನೆರಡನೇ ಕ್ಲಾಸಿಗೆ ಸೇರಿಸಿಕೊಳ್ಳಲು ಬೋರ್ಡುಗಳು ಸುಲಭವಾಗಿ ಒಪ್ಪುವುದಿಲ್ಲ. ಮಗಳು ಡಾಕ್ಟರ್ ಆಗಬೇಕು ಅನ್ನೋ ಆಸೆ ಇದ್ದರೆ, ಅಲ್ಲಿನ ಶಾಲೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಓದಲು ಅವಕಾಶ ಇದೆಯೇ ಅಂತ ಮೊದಲೇ ಕೇಳಿ. ಮೂರರಲ್ಲಿ ಒಂದನ್ನು ಬಿಟ್ಟರೆ ನೀಟ್ ದಾರಿ ಕಷ್ಟವಾಗುತ್ತದೆ.

ಹಾಗಾದರೆ ಕನ್ನಡ? ಕರ್ನಾಟಕ 2015ರಲ್ಲಿ ಕನ್ನಡ ಕಲಿಕೆಯ ಕಾಯ್ದೆ ತಂದಿತು. ಇಲ್ಲಿನ ಶಾಲೆಗಳಲ್ಲಿ, ಯಾವ ಬೋರ್ಡ್ ಆದರೂ, ಕನ್ನಡ ಒಂದು ವಿಷಯ. ಐದು ವರ್ಷ ಕನ್ನಡ ಅಕ್ಷರ ನೋಡದ ಮಗು ಬಂದು ಆ ಪುಸ್ತಕದ ಮುಂದೆ ಕೂತರೆ ಅದರ ಸಂಕಟ ಕೇಳುವವರು ಯಾರು? ಅಮೆರಿಕದಲ್ಲಿ ವಾರಾಂತ್ಯದ ‘ಕನ್ನಡ ಕಲಿ’ ತರಗತಿಗಳಿವೆ, ದುಬೈಯಲ್ಲಿ ಕನ್ನಡ ಪಾಠಶಾಲೆ ಇದೆ. ವಾರಕ್ಕೆ ಒಂದೆರಡು ತಾಸು. ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡೋಕಾದರೂ ಕಳಿಸಿ.

ಇಲ್ಲಿಯವರೆಗೆ ಹೇಳಿದ್ದು ಗೂಗಲ್ ಮಾಡಿ ತಿಳಿದುಕೊಳ್ಳುವ ಶಕ್ತಿ ಇರುವವರಿಗೆ. ಈಗ ತಲೆಯ ಮೇಲೆ ಗಂಟು ಹೊತ್ತವರ ಕಡೆ ತಿರುಗೋಣ.

ಮಳೆ ಕೈಕೊಟ್ಟ ವರ್ಷ ಸವದತ್ತಿ, ರಾಮದುರ್ಗ ಕಡೆಯ ಬಸ್ ಸ್ಟ್ಯಾಂಡ್‌ನಲ್ಲಿ ಸಂಜೆ ನಿಂತು ನೋಡಿ. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಪಾತ್ರೆಯ ಚೀಲ. ಎಲ್ಲಿಗೆ? ಗೋವಾಕ್ಕೆ. ಕಟ್ಟಡದ ಕೆಲಸಕ್ಕೆ, ಮೀನಿನ ಕೆಲಸಕ್ಕೆ, ಮನೆಗೆಲಸಕ್ಕೆ. ಆ ಮಗುವಿಗೂ ಪ್ರಶ್ನೆ ಅದೇ ಅಲ್ಲವೇ? ಯಾವ ಸಾಲಿ? ಯಾವ ಭಾಷೆ? ವಾಪಸ್ ಬಂದರೆ ಮುಂದೇನು?

ಗೋವಾದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಅಂದರೆ ಹೆಚ್ಚಾಗಿ ಮರಾಠಿ, ಇಲ್ಲವೇ ಕೊಂಕಣಿ. 1990ರ ನೀತಿಯಲ್ಲಿ ಪ್ರಾಥಮಿಕ ಹಂತದ ಅನುದಾನ ಸ್ಥಳೀಯ ಭಾಷೆಗಳಿಗೆ ಮಾತ್ರ ಅಂತ ಆಯಿತು. 2011ರಲ್ಲಿ ಇಂಗ್ಲಿಷ್ ಶಾಲೆಗಳಿಗೂ ಕೊಡುವ ತೀರ್ಮಾನ ಬಂತು, ಆ ರಾಜ್ಯದಲ್ಲಿ ದೊಡ್ಡ ಜಗಳವೇ ಆಯಿತು. ಅಲ್ಲಿನ ಜಗಳದಲ್ಲಿ ನಮ್ಮ ರಾಮದುರ್ಗದ ಮಗು ಯಾವ ಪಕ್ಷದ್ದೂ ಅಲ್ಲ. ವಾಸ್ಕೊ ಕಡೆ ಕನ್ನಡ ಶಾಲೆಗಳಿವೆ, ಆದರೆ ಬೆರಳಲ್ಲಿ ಎಣಿಸುವಷ್ಟು. ಕೆಲಸದ ಜಾಗ ಬದಲಾದರೆ ಆ ಶಾಲೆಯೂ ದೂರ.

ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಅನ್ನೋ ಪ್ರಶ್ನೆ ಈ ಮಣ್ಣಿಗೆ ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ, ಬೆಳಗಾವಿಯ ಕನ್ನಡದ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಕನ್ನಡ ಶಾಲೆ ಬೇಕು ಅಂತ ಹಟ ಹಿಡಿದು ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. ಬೆಳಗಾವಿಯಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ 1916ರಲ್ಲಿ ಕೆಎಲ್‌ಇ ಕಟ್ಟಿದರು. ಕಿತ್ತೂರಿನಲ್ಲಿ 1969ರಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆ ಶುರುವಾಯಿತು. ಸಾಲಿಯ ಬೆಲೆ ಗೊತ್ತಿರುವ ನಾಡು ಇದು. ಇಂಥ ನಾಡಿನ ಮಗು ಗಡಿ ದಾಟಿದ ಕೂಡಲೇ ಹಾಜರಿ ಪುಸ್ತಕದಿಂದ ಮಾಯ ಆಗಬೇಕೇ?

ಮಾಧ್ಯಮದ ಆಯ್ಕೆ ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸರಿ. ಆದರೆ ಆಯ್ಕೆ ಮಾಡಬೇಕಾದರೆ ಮುಂದೆ ಎರಡು ಬಾಗಿಲಾದರೂ ತೆರೆದಿರಬೇಕಲ್ಲ?

ಕಾನೂನು ಒಂದು ಬಾಗಿಲನ್ನು ಖಂಡಿತ ತೆರೆದಿಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತದೆ ಗೊತ್ತಾ? 6ರಿಂದ 14 ವರ್ಷದ ಮಗು ಬೇರೆ ರಾಜ್ಯಕ್ಕೆ ಹೋದರೂ ಅಲ್ಲಿನ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗ ಕೇಳುವ ಹಕ್ಕಿದೆ. ಹಳೇ ಶಾಲೆಯ ಮುಖ್ಯೋಪಾಧ್ಯಾಯರು ತಕ್ಷಣ ಟಿಸಿ ಕೊಡಬೇಕು, ತಡ ಮಾಡಿದರೆ ಶಿಸ್ತು ಕ್ರಮ. ಟಿಸಿ ಬರೋದು ತಡವಾಯಿತು ಅಂತ ಹೊಸ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಕಳಿಸುವಂತಿಲ್ಲ. ಇಷ್ಟು ಮಾತನ್ನು ಆ ಬಸ್ ಸ್ಟ್ಯಾಂಡ್‌ನಲ್ಲಿ ನಿಂತ ತಾಯಿಗೆ ಯಾರಾದರೂ ಹೇಳಿದ್ದಾರಾ?

ಹಾಗಾಗಿ ನನ್ನ ಕೋರಿಕೆ ಇಬ್ಬರಲ್ಲಿ. ವಿದೇಶಕ್ಕೆ ಹೊರಟವರೇ, ಕಂಪನಿಯ ಆರ್ಡರ್‌ಗೆ ಸಹಿ ಹಾಕುವ ಮುನ್ನ ಒಂದು ಹಾಳೆಯಲ್ಲಿ ಮಗುವಿನ ಹನ್ನೆರಡು ವರ್ಷ ಬರೆಯಿರಿ, ಯಾವ ವರ್ಷ ಎಲ್ಲಿ ಅಂತ. ಖಾಲಿ ಉಳಿದ ಮನೆಗಳೇ ನಿಮ್ಮ ತೊಂದರೆ ಎಲ್ಲಿದೆ ಅಂತ ತೋರಿಸುತ್ತವೆ.

ಈ ನಾಲ್ಕು ತಾಲ್ಲೂಕುಗಳ ಹಳ್ಳಿ ಶಾಲೆಯ ಗುರುಗಳೇ, ನಿಮ್ಮ ಕ್ಲಾಸಿನ ಮಗು ಗುಳೆ ಹೊರಟಿದೆ ಅಂತ ತಿಳಿದ ದಿನವೇ ಟಿಸಿ ಬರೆದು ತಾಯಿಯ ಕೈಗೆ ಕೊಡಿ. ಜೊತೆಗೆ ಒಂದು ಮಾತು ಹೇಳಿ: “ಅಲ್ಲಿ ಹ್ವಾದ ಕೂಡ್ಲೆ ಸಾಲಿಗೆ ಹಚ್ರಿ, ಇಲ್ಲ ಅನ್ನಾಕ ಅವ್ರಿಗೆ ಹಕ್ಕಿಲ್ಲ.” ಇದಕ್ಕೆ ಸರ್ಕಾರದ ಹೊಸ ಯೋಜನೆ ಬೇಡ, ಅನುದಾನ ಬೇಡ. ಒಂದು ಹಾಳೆ, ಒಂದು ಸಹಿ, ಒಂದು ಮಾತು ಸಾಕು.