ಎರಡು ದೇಶಗಳಿಗೆ ಒಂದು ಆಸ್ಪತ್ರೆ

ನೆರೆಹೊರೆಯವರು ಕೂಡಿ ಒಂದು ಬಾವಿ ತೋಡಿಸುವುದೇ ಎಷ್ಟು ಕಷ್ಟವೆಂಬುದು ತಮಗೆ ತಿಳಿದ ಸಂಗತಿ. ಹಗ್ಗ ಯಾರದು, ರಾಟೆ ಯಾರದು, ಹೂಳು ತೆಗೆಸುವ ಖರ್ಚು ಯಾರದು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಹೀಗಿರುವಾಗ ಎರಡು ದೇಶಗಳು ಕೂಡಿ ಒಂದು ಆಸ್ಪತ್ರೆಯನ್ನೇ ಕಟ್ಟಿಸಿದುವೆಂದರೆ ಅದು ಕೇಳತಕ್ಕ ಕಥೆಯೇ ಸರಿ.

ಫ್ರಾನ್ಸಿಗೂ ಸ್ಪೇನಿಗೂ ನಡುವೆ ಪಿರನೀಸ್ ಪರ್ವತಗಳಿವೆಯಷ್ಟೆ. ಅವುಗಳ ಮಡಿಲಲ್ಲಿ ಸೆರ್ದಾನ್ಯ ಎಂಬ ಕಣಿವೆಯುಂಟು. 1659ರ ಒಪ್ಪಂದದಲ್ಲಿ ಎರಡು ದೇಶಗಳ ದೊರೆಗಳು ಈ ಕಣಿವೆಯನ್ನು ಇಬ್ಭಾಗ ಮಾಡಿಕೊಂಡರು. ಮರುವರ್ಷ 33 ಗ್ರಾಮಗಳು ಫ್ರಾನ್ಸಿನ ಪಾಲಾದುವು. ಲೀವಿಯ ಎಂಬ ಊರು ಮಾತ್ರ, ಅದು ಗ್ರಾಮವಲ್ಲ, ಪಟ್ಟಣ ಎಂಬ ವಾದದ ಬಲದಿಂದ ಸ್ಪೇನಿಗೇ ಉಳಿಯಿತು. ಇಂದಿಗೂ ಸುತ್ತಲೂ ಫ್ರಾನ್ಸು, ನಡುವೆ ಸ್ಪೇನಿನ ಅದೊಂದು ನಡುಗಡ್ಡೆ! ಶಬ್ದಾರ್ಥವನ್ನು ಹಗುರಾಗಿ ಕಾಣುವ ಹುಡುಗರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು.

ಗೆರೆಯ ಎರಡು ಕಡೆಗೂ ಹಿಂದಿನಿಂದ ಬಂದ ನುಡಿ ಕತಲಾನ್. ಬೀಳುವ ಹಿಮವೂ ಒಂದೇ. ಕಾಯಿಲೆ ಬಿದ್ದಾಗ ಮಾತ್ರ ದಾರಿ ಬೇರೆ. ಫ್ರಾನ್ಸಿನ ಪಾಲಿನವರು ದೊಡ್ಡ ಆಸ್ಪತ್ರೆ ಬೇಕಾದರೆ ಬೆಟ್ಟದ ದಾರಿಯಲ್ಲಿ ಸುಮಾರು 100 ಕಿಲೋಮೀಟರ್ ಇಳಿದು ಪೆರ್ಪಿನ್ಯಾನ್ ನಗರವನ್ನು ಸೇರಬೇಕಾಗಿತ್ತು. ಹೆರಿಗೆಯ ನೋವು ಕಾಣಿಸಿಕೊಂಡ ಹೆಂಗಸಿಗೆ, ಎದೆ ಹಿಡಿದುಕೊಂಡ ಮುದುಕನಿಗೆ, ಚಳಿಗಾಲದಲ್ಲಿ ಆ ದಾರಿ ಎಂಥದೆಂದು ತಾವೇ ಊಹಿಸಿಕೊಳ್ಳಿ. ಇಡೀ ಕಣಿವೆಯ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಇದರಲ್ಲಿ ತನ್ನ ಪಾಲಿನ ಜನರಿಗಾಗಿಯೇ ದೊಡ್ಡ ಆಸ್ಪತ್ರೆ ಕಟ್ಟಿಸಲು ಯಾವ ಸರ್ಕಾರ ಮುಂದೆ ಬಂದೀತು?

ಇಲ್ಲಿ ನೆರವಿಗೆ ಬಂದದ್ದು ಯೂರೋಪಿನ ಒಕ್ಕೂಟದ ಅನುದಾನ. ನೆರೆದೇಶಗಳು ಗಡಿಯಲ್ಲಿ ಕೂಡಿ ಮಾಡುವ ಕೆಲಸಗಳಿಗೆಂದೇ 1990ರಲ್ಲಿ ‘ಇಂಟರ್‌ರೆಗ್’ ಎಂಬ ಯೋಜನೆ ಆರಂಭವಾಯಿತು. ಅದರ ಕಟ್ಟಳೆ ನನಗೆ ಬಹಳ ಮೆಚ್ಚಿಕೆಯಾಗಿದೆ. ಒಂದು ಕೈಯಿಂದ ಚಪ್ಪಾಳೆಯಾಗದೆಂಬುದನ್ನು ಬಲ್ಲವರು ಬರೆದ ಕಟ್ಟಳೆ ಅದು: ಗಡಿಯ ಎರಡು ಕಡೆಯವರೂ ಕೆಲಸದಲ್ಲಿ ಸೇರಿರಬೇಕು, ಸಾಮಾನ್ಯವಾಗಿ ಖರ್ಚಿನ ಒಂದು ಭಾಗವನ್ನು ಅವರೇ ಹೊರಬೇಕು. ಈ ಆಸ್ಪತ್ರೆಗೆ ತಗುಲಿದ ಸುಮಾರು 3 ಕೋಟಿ 10 ಲಕ್ಷ ಯೂರೋಗಳಲ್ಲಿ ಅನುದಾನ 1 ಕೋಟಿ 86 ಲಕ್ಷ. ಉಳಿದುದನ್ನು ಎರಡು ಕಡೆಯವರು ತಂದರು. ಎಲ್ಲವನ್ನೂ ಪುಕ್ಕಟೆಯಾಗಿ ಪಡೆದವನು ಹೂಳು ತೆಗೆಸಲಿಕ್ಕೂ ದಾನಿಯ ಬಾಗಿಲಲ್ಲೇ ನಿಲ್ಲುತ್ತಾನೆ.

ಆಲೋಚನೆ ಮೊಳೆತು, ಗಡಿಯಲ್ಲಿರುವ ಸ್ಪೇನಿನ ಪುಚ್‌ಸೆರ್ದಾ ಪಟ್ಟಣದಲ್ಲಿ 2014ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಹತ್ತು ವರ್ಷಗಳು ಮೀರಿದ್ದುವು. ನಡೆಸುವ ಖರ್ಚಿನಲ್ಲಿ ನೂರಕ್ಕೆ 60 ಪಾಲು ಸ್ಪೇನಿನ ಕತಲೂನ್ಯ ಪ್ರಾಂತದ್ದು, 40 ಫ್ರಾನ್ಸಿನದು ಎಂದು ಗೊತ್ತುಮಾಡಿಕೊಂಡರು.

ಹಣದಿಂದ ಗೋಡೆ ಎದ್ದಿತು. ಆದರೆ ಕಾನೂನಿಗೆ ಹಣವನ್ನು ಕಂಡು ಗೊತ್ತೇ? ಫ್ರಾನ್ಸಿನ ತಾಯಿ ಅಲ್ಲಿ ಹೆತ್ತರೆ ಮಗು ಪರದೇಶದಲ್ಲಿ ಹುಟ್ಟಿದಂತಾಯಿತು. ಜನನ ದಾಖಲೆಗೆ ಎರಡು ದೇಶಗಳ ಕಚೇರಿಗಳ ತೊಡಕು. ವೈದ್ಯರ ಪದವಿಗೆ ಎರಡು ದೇಶಗಳ ಮಾನ್ಯತೆಯ ಮಾತು. ಇವೆಲ್ಲಕ್ಕಿಂತ ಕರುಳು ಕಿವುಚುವಂಥದು ಇನ್ನೊಂದು. ಫ್ರಾನ್ಸಿನ ರೋಗಿ ಅಲ್ಲಿ ತೀರಿಕೊಂಡರೆ, ಮನೆ ಕಣ್ಣಳತೆಯಲ್ಲೇ ಇದ್ದರೂ, ಹೊರದೇಶದಿಂದ ಶವ ತರಿಸುವ ಕಟ್ಟುಪಾಡುಗಳೆಲ್ಲ ಅಡ್ಡ ಬರುತ್ತಿದ್ದುವು. ಅಳುವ ಮನೆಯವರು ಕಾಗದಗಳ ಹಿಂದೆ ಅಲೆಯಬೇಕು. ಅನುದಾನದ ಯಾವ ಲೆಕ್ಕದಲ್ಲೂ ಇದು ಬರೆದಿರಲಿಲ್ಲ. ಈ ಶವಸಾಗಣೆಯನ್ನು ಸರಾಗ ಮಾಡುವ ಒಡಂಬಡಿಕೆಗೆ ಎರಡು ಸರ್ಕಾರಗಳು ರುಜು ಹಾಕಿದ್ದು 2017ರಲ್ಲಿ.