ಚುಕ್ತಾ ಆಗದ ಬಾಕಿ: ಗುಲಾಮರ ವ್ಯಾಪಾರ ನಿಂತದ್ದೂ ನಮ್ಮ ಜೀತ ಮುಗಿದದ್ದೂ



ಆಂಜನೇಯನ ಸನ್ನಿಧಿಯ ಈ ಕೊಕ್ಕನೂರಿನಲ್ಲಿ ನಿಂತು ಅಟ್ಲಾಂಟಿಕ್ ಸಾಗರದ ಮಾತೆತ್ತಿದರೆ ಇದೇನು ಎಲ್ಲಿಂದೆಲ್ಲಿಗೆ ಎಂದು ನಿಮಗೆ ಅನ್ನಿಸಬಹುದು. ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಅದು ನನಗೆ ಸಿಕ್ಕಿದ್ದು ನಮ್ಮ ಹಳೆಯ ಮನೆಯ ಅಟ್ಟದ ಮೇಲೆ. ಮನೆ ಇಳಿಸುವಾಗ ತಗಡಿನ ಪೆಟ್ಟಿಗೆಯೊಂದರಲ್ಲಿ ಅಜ್ಜನ ಖಾತೆ ಪುಸ್ತಕ ಇತ್ತು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಒಂದು ಮೂಲೆ ಗೆದ್ದಲು ತಿಂದಿದೆ. ಅದರ ಒಂದು ಪುಟವನ್ನು ನಿಮಗೆ ಓದಿ ಹೇಳುತ್ತೇನೆ. ಪುಟದ ತಲೆಯ ಮೇಲಿರುವ ಹೆಸರನ್ನು ಮಾತ್ರ ಹೇಳುವುದಿಲ್ಲ, ಅವರ ಮೊಮ್ಮಕ್ಕಳು ಇದ್ದಾರೆ.

1954ರ ಯುಗಾದಿ. ‘ಮದುವೆ ಬಾಬ್ತು 180 ರೂ.’ ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು, ಮಸಿ ಹೆಚ್ಚಾಗಿ ಗೆರೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಕೆಳಗೆ ಪ್ರತಿ ಯುಗಾದಿಗೂ ಒಂದು ಸಾಲು: ಕಂಬಳಿ ಒಂದು, ಮೆಟ್ಟು ಒಂದು ಜೊತೆ, ಜೋಳ ಇಷ್ಟು ಸೇರು, ಹಬ್ಬಕ್ಕೆ ಇಷ್ಟು, ಜ್ವರದ ಔಷಧಿಗೆ ಇಷ್ಟು. ಹನ್ನೊಂದು ವರ್ಷ ದುಡಿದ ಮೇಲೆ 180 ರೂಪಾಯಿಯ ಸಾಲ 312 ಆಗಿದೆ. ಅಲ್ಲಿಗೆ ಇನ್ನೊಂದು ಹೆಬ್ಬೆಟ್ಟು, ಮೊದಲಿನದಕ್ಕಿಂತ ಚಿಕ್ಕದು. ಅದರ ಪಕ್ಕ ಅಜ್ಜನ ದುಂಡನೆಯ ಅಕ್ಷರದಲ್ಲಿ ನಾಲ್ಕು ಪದ: ‘ಬಾಕಿ ಮಗನ ಮೇಲೆ ಬರಕೊಂಡಿದೆ.’

ಆ ಚಿಕ್ಕ ಹೆಬ್ಬೆಟ್ಟನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುಲಾಮಗಿರಿ ನಿಲ್ಲುವುದು ಯಾವಾಗ ಎಂಬ ಪ್ರಶ್ನೆ ಅಂದಿನಿಂದ ನನಗೆ ನಮ್ಮ ಮನೆಯ ಪ್ರಶ್ನೆಯಾಗಿದೆ.

‘ಜೀತ’ ಎಂಬ ಪದ ‘ಜೀವಿತ’ದಿಂದ ಬಂದದ್ದು. ಹಳಗನ್ನಡದಲ್ಲಿ ಅದಕ್ಕೆ ಸಂಬಳ, ಬದುಕಿಗೆ ಆಧಾರವಾದ ಗಳಿಕೆ ಎಂಬ ಅರ್ಥ ಇತ್ತು. ಬದುಕನ್ನು ಹೇಳುತ್ತಿದ್ದ ಪದವೊಂದು ಬದುಕನ್ನು ಒತ್ತೆ ಇಡುವುದನ್ನು ಹೇಳುವಂತಾಯಿತು. ನಮ್ಮ ಸಮಾಜದ ಚರಿತ್ರೆ ಬರೆಯಲು ಈ ಒಂದು ಪದದ ಪಾಡೇ ಸಾಕು.

ಈಗ ಅಟ್ಲಾಂಟಿಕ್ ಕಡಲಿನ ಕಡೆ ಹೋಗೋಣ. ಹದಿನಾರನೆಯ ಶತಮಾನದ ಆರಂಭದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಗುಲಾಮರಾಗಿ ಮಾರಲು ಹಡಗಿಗೆ ಏರಿಸಿದರು. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ನೀರುಪಾಲು. ಅವರಲ್ಲಿ ಕೆಲವರ ಕತೆ ನಮಗೆ ಗೊತ್ತಾಗಿರುವುದು ಒಂದು ವಿಮೆಯ ದಾವೆಯಿಂದ. 1781ರಲ್ಲಿ ‘ಜಾಂಗ್’ ಎಂಬ ಹಡಗಿನವರು ಕುಡಿಯುವ ನೀರು ಸಾಲದೆಂದು ಹೇಳಿ 130ಕ್ಕೂ ಹೆಚ್ಚು ಗುಲಾಮರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಆಮೇಲೆ ಹಡಗಿನ ಒಡೆಯರು ತಲೆಗೆ 30 ಪೌಂಡಿನಂತೆ ವಿಮಾ ಹಣ ಕೇಳಿದರು. 1783ರಲ್ಲಿ ಅದು ಲಂಡನ್ನಿನ ನ್ಯಾಯಾಲಯಕ್ಕೆ ಬಂದಾಗ ಅದನ್ನು ಕೊಲೆ ಎಂದು ಯಾರೂ ನಡೆಸಲಿಲ್ಲ. ಸರಕು ನಷ್ಟವಾದರೆ ಹಣ ಕೊಡಬೇಕೇ ಬೇಡವೇ ಎಂಬುದಷ್ಟೇ ವಾದ. ಅಂಥ ಹಡಗುಗಳ ಲೆಕ್ಕದ ಪುಸ್ತಕಗಳಲ್ಲಿ ಗುಲಾಮರಿಗೆ ಹೆಸರಿರಲಿಲ್ಲ, ಅಂಕಿಗಳಿದ್ದವು. ನಮ್ಮಜ್ಜನ ಪುಸ್ತಕದಲ್ಲಿ ಹೆಸರಾದರೂ ಇದೆ ಎಂದು ಸಮಾಧಾನ ಪಟ್ಟುಕೊಳ್ಳಲು ನೋಡಿದೆ. ಆಗಲಿಲ್ಲ.

ಈ ವ್ಯಾಪಾರ ಏಕೆ ನಿಂತಿತು? ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಉತ್ತರ ಇಂಗ್ಲೆಂಡಿನ ದಯಾಳು ಸಜ್ಜನರದು. ಅದರಲ್ಲಿ ಸುಳ್ಳಿಲ್ಲ. 1787ರಲ್ಲಿ ಲಂಡನ್ನಿನಲ್ಲಿ ಹನ್ನೆರಡು ಜನ ಸೇರಿ ಸಮಿತಿ ಕಟ್ಟಿದರು. ಥಾಮಸ್ ಕ್ಲಾರ್ಕ್‌ಸನ್ ಬಂದರಿನಿಂದ ಬಂದರಿಗೆ ಕುದುರೆ ಏರಿ ಹೋಗಿ ನಾವಿಕರ ಹೇಳಿಕೆ ಬರೆದುಕೊಂಡ. ಗುಲಾಮನಾಗಿದ್ದು ಬಿಡುಗಡೆ ಪಡೆದ ಒಲೌಡಾ ಎಕ್ವಿಯಾನೊ 1789ರಲ್ಲಿ ತನ್ನ ಆತ್ಮಕಥೆ ಅಚ್ಚು ಹಾಕಿಸಿದ. ಮನೆಮನೆಯ ಹೆಂಗಸರು ವೆಸ್ಟ್ ಇಂಡೀಸಿನ ಸಕ್ಕರೆ ಬಿಟ್ಟರು. ಈ ಹೆಂಗಸರ ಮೇಲೆ ನನಗೆ ಬಹಳ ಗೌರವ. ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ, ಸಂತೆಯಲ್ಲಿ ಏನು ಕೊಳ್ಳಬಾರದು ಎಂದು ತೀರ್ಮಾನಿಸುವ ಹಕ್ಕಿತ್ತು. ಅದನ್ನೇ ಬಳಸಿದರು. ‘ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ’ ಎಂದು ಬರೆದ ಸಕ್ಕರೆ ಬಟ್ಟಲುಗಳು ಮೇಜಿನ ಮೇಲೆ ಬಂದವು. ಅದು ನಮ್ಮ ದೇಶದ ಸಕ್ಕರೆ! ನಮ್ಮ ಹೊಲಗಳಲ್ಲಿ ಯಾರು ಯಾವ ಸ್ಥಿತಿಯಲ್ಲಿ ದುಡಿಯುತ್ತಿದ್ದರು ಎಂದು ಆ ತಾಯಂದಿರಿಗೆ ಗೊತ್ತಿರಲಿಲ್ಲ.

ಎರಡನೆಯ ಉತ್ತರ ಎರಿಕ್ ವಿಲಿಯಮ್ಸ್ ಅವರದು. ಟ್ರಿನಿಡಾಡಿನ ಈ ಇತಿಹಾಸಕಾರರು ಮುಂದೆ ತಮ್ಮ ದೇಶದ ಪ್ರಧಾನಿಯಾದರು. 1944ರಲ್ಲಿ ಬರೆದ ಗ್ರಂಥದಲ್ಲಿ ಅವರು, ಸಕ್ಕರೆ ದ್ವೀಪಗಳ ಲಾಭ ಇಳಿಯಿತು, ಬಂಡವಾಳ ಕಾರ್ಖಾನೆಗಳ ಕಡೆ ಹೊರಳಿತು, ಆಮೇಲೆ ದಯೆ ಹುಟ್ಟಿತು ಎಂದು ವಾದಿಸಿದರು. 1977ರಲ್ಲಿ ಸೀಮೋರ್ ಡ್ರೆಷರ್ ಲೆಕ್ಕ ತೆಗೆದು, 1807ರಲ್ಲಿ ಬ್ರಿಟನ್ ಈ ವ್ಯಾಪಾರವನ್ನು ನಿಷೇಧಿಸಿದಾಗ ಲಾಭ ಇನ್ನೂ ಚೆನ್ನಾಗಿಯೇ ಇತ್ತು ಎಂದು ಎದುರು ವಾದ ಹೂಡಿದರು. ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ನನ್ನ ಮನಸ್ಸು ಒಪ್ಪುವುದು ಮೂರನೆಯ ಉತ್ತರವನ್ನು. 1791ರ ಆಗಸ್ಟಿನಲ್ಲಿ ಫ್ರಾನ್ಸಿನ ಅತಿ ಶ್ರೀಮಂತ ವಸಾಹತಾದ ಸೇಂಟ್ ಡೊಮಿಂಗ್‌ನಲ್ಲಿ ಗುಲಾಮರೇ ಎದ್ದರು. ಕಬ್ಬಿನ ಗದ್ದೆಗಳಿಗೆ ಬೆಂಕಿ ಬಿತ್ತು. ಫ್ರಾನ್ಸಿನ ದಂಡು, ಸ್ಪೇನಿನ ದಂಡು, ಬ್ರಿಟನ್ನಿನ ದಂಡು, ಕೊನೆಗೆ ನೆಪೋಲಿಯನ್ ಕಳಿಸಿದ ದಂಡು, ಎಲ್ಲವೂ ಸೋತು 1804ರ ಜನವರಿ 1ರಂದು ಆ ವಸಾಹತು ಹೈಟಿ ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು. ಗುಲಾಮನನ್ನು ಕೊಂಡು ತಂದರೆ ಅವನು ನಾಳೆ ದೊರೆಯ ಸೈನ್ಯವನ್ನೇ ಸೋಲಿಸಬಲ್ಲ ಎಂಬ ಭಯ ಅಂದು ಪ್ರತಿಯೊಬ್ಬ ತೋಟಗಾರನ ಎದೆ ಹೊಕ್ಕಿತು. ಮೂರು ವರ್ಷ ಕಳೆದು ಬ್ರಿಟನ್ನಿನ ಕಾಯಿದೆ, ಮರುವರ್ಷ ಜನವರಿಯಿಂದ ಅಮೆರಿಕದ ಆಮದು ನಿಷೇಧ. ವ್ಯಾಪಾರ ನಿಂತರೂ ಗುಲಾಮಗಿರಿ ನಿಂತಿರಲಿಲ್ಲ. 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ಮುಂದಾಳಾಗಿ ಸಾವಿರಾರು ಜನ ಕೂಲಿ ಇಲ್ಲದೆ ಕೆಲಸ ಮಾಡುವುದಿಲ್ಲ ಎಂದು ಕೂತರು. ಶಾರ್ಪ್‌ನನ್ನು 1832ರಲ್ಲಿ ಗಲ್ಲಿಗೇರಿಸಿದರು. 1833ರಲ್ಲಿ ಗುಲಾಮಗಿರಿ ರದ್ದತಿಯ ಕಾಯಿದೆ ಬಂತು. ನೇಣಿಗೂ ಕಾಯಿದೆಗೂ ನಡುವೆ ಒಂದೇ ವರ್ಷ.

ಈ ಕಾಯಿದೆಯ ಲೆಕ್ಕ ನೋಡಿ. ಸುಮಾರು 8 ಲಕ್ಷ ಜನ ಬಿಡುಗಡೆಯಾದರು. ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಒಡೆಯರಿಗೆ! ಬೆನ್ನ ಮೇಲೆ ಚಾಟಿಯ ಗೆರೆ ಹೊತ್ತವರಿಗೆ ಒಂದು ಕಾಸೂ ಇಲ್ಲ. ಅವರು ‘ಕೆಲಸ ಕಲಿಯುವವರು’ ಎಂಬ ಹೆಸರಿನಲ್ಲಿ 1838ರವರೆಗೂ ಅದೇ ಒಡೆಯರಿಗೆ ದುಡಿದು ಕೊಟ್ಟರು. ಆ ಪರಿಹಾರಕ್ಕಾಗಿ ಎತ್ತಿದ ಸಾಲದ ಕೊನೆಯ ಕಂತನ್ನು ಬ್ರಿಟನ್ ತೀರಿಸಿದ್ದು 2015ರಲ್ಲಿ. ಹೈಟಿಯ ಪಾಡು ಇನ್ನೂ ಕ್ರೂರ. ಕಳೆದುಹೋದ ಆಸ್ತಿಗೆ ಪರಿಹಾರ ಎಂದು ಫ್ರಾನ್ಸ್ 1825ರಲ್ಲಿ ಯುದ್ಧನೌಕೆ ಕಳಿಸಿ 15 ಕೋಟಿ ಫ್ರಾಂಕ್ ಹೊರಿಸಿತು. ಆ ಆಸ್ತಿಯಲ್ಲಿ ಹೈಟಿಯ ಜನರ ಮೈಯೂ ಸೇರಿತ್ತು. ತಮ್ಮ ಮೈಗೆ ತಾವೇ ಬೆಲೆ ತೆರಬೇಕಾಯಿತು.

1833ರ ಆ ಕಾಯಿದೆ ನಮಗೆ ಅನ್ವಯಿಸಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಅದರಿಂದ ಹೊರಗಿಟ್ಟರು. 1843ರ ಐದನೆಯ ಕಾಯಿದೆ ಬಂದ ಮೇಲೆ ಕಂಪನಿಯ ನ್ಯಾಯಾಲಯಗಳು ‘ಇವನು ನನ್ನ ಗುಲಾಮ’ ಎಂಬ ಹಕ್ಕನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟವು. ದಕ್ಷಿಣ ಕನ್ನಡದಲ್ಲಿ ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ‘ಮೂಲದ ಹೊಲೆಯರು’ ಕಾಗದದ ಮೇಲೆ ಸ್ವತಂತ್ರರಾದರು. ಯಾರೂ ಡಂಗುರ ಹೊಡೆದು ಅವರಿಗೆ ತಿಳಿಸಲಿಲ್ಲ, ಒಂದು ಗುಂಟೆ ಭೂಮಿ ಕೊಡಲಿಲ್ಲ. ಕೊಂಡು ಹಿಡಿಯುವ ಹಕ್ಕು ಹೋಯಿತು, ಸಾಲ ಕೊಟ್ಟು ಹಿಡಿಯುವ ದಾರಿ ಉಳಿಯಿತು.

ನಮ್ಮ ಹರಿಹರದ ಹೊಳೆಯ ಕತೆಯೊಂದನ್ನೂ ಇಲ್ಲಿ ಹೇಳಬೇಕು. 1956ರವರೆಗೆ ತುಂಗಭದ್ರೆಯ ಈ ದಡ ಮೈಸೂರು, ಆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಅಮೆರಿಕದ ಗುಲಾಮರ ಹತ್ತಿಯನ್ನೇ ನೆಚ್ಚಿಕೊಳ್ಳಬಾರದೆಂದು ಕಂಪನಿ 1840ರ ದಶಕದಲ್ಲಿ ಅಮೆರಿಕದ ತೋಟಗಾರರನ್ನೇ ಆ ಧಾರವಾಡ ಸೀಮೆಗೆ ಕರೆತಂದು ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿಸಿತು. ‘ಧಾರವಾಡ ಅಮೆರಿಕನ್’ ಎಂಬ ತಳಿ ಬೇರೂರಿದ್ದು ಹಾಗೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಅಲ್ಲಿನ ಹತ್ತಿ ಬಾರದೆ ಮ್ಯಾಂಚೆಸ್ಟರಿನ ಗಿರಣಿಗಳು ನಿಂತವು. ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದು ಬೆಲೆ ಬಿದ್ದಾಗ ಮುಂಬಯಿಯ ಸಾಹುಕಾರರೇ ದಿವಾಳಿ ಎದ್ದರು.

ಯುದ್ಧಕಾಲದ ಆ ಹತ್ತಿಯ ಬರಗಾಲದಲ್ಲಿ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಡಿಸೆಂಬರ್ 31ರಂದು ಸಭೆ ಸೇರಿದರು. ಗಿರಣಿ ಮುಚ್ಚಿತ್ತು, ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಗುಲಾಮರ ಒಡೆಯರು ಗೆದ್ದರೆ ಹತ್ತಿ ಬರುತ್ತಿತ್ತು. ಆದರೂ ಅವರು ಗುಲಾಮಗಿರಿ ತೊಲಗಲಿ ಎಂದು ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಲಿಂಕನ್ 1863ರ ಜನವರಿಯಲ್ಲಿ ಕೃತಜ್ಞತೆಯಿಂದ ಉತ್ತರಿಸಿದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದಾಗಲೆಲ್ಲ ನಮ್ಮವರು ಗಿರಣಿಯ ಚಿಮಣಿಗಳನ್ನು ನೆನೆಯುತ್ತಾರೆ. ನಾನು ಆ ಹಸಿದ ಕಾರ್ಮಿಕರ ಪತ್ರವನ್ನು ನೆನೆಯುತ್ತೇನೆ.

ಆಫ್ರಿಕದ ಗುಲಾಮರ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಪೋರ್ಚುಗೀಸರು ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳಲ್ಲಿದೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಬುಡ್ನಾ ಸಿದ್ದಿ ಅವರು ವಿಧಾನ ಪರಿಷತ್ತಿಗೆ ಬಂದಾಗ ಆ ಸಮುದಾಯದ ದನಿ ಮೊದಲ ಸಲ ರಾಜ್ಯದ ಶಾಸನಸಭೆಯೊಳಗೆ ಕೇಳಿಸಿತು.

ಇನ್ನು ನಮ್ಮ ಜೀತ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಬೇಸಾಯದ ಆಸೆ ಹೊತ್ತ ಚೋಮನ ಮನೆಯನ್ನು ಕಾಫಿ ತೋಟದ ಸಾಲ ಹೇಗೆ ತಿಂದಿತು ಎಂದು ಓದಿದವರಿಗೆ ಗೊತ್ತು. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ. ಅದೇ ವರ್ಷ ಅಕ್ಟೋಬರ್ 24ರಂದು ಜೀತ ರದ್ದತಿಯ ಸುಗ್ರೀವಾಜ್ಞೆ ಹೊರಬಿತ್ತು, 1976ರ ಫೆಬ್ರುವರಿಯಲ್ಲಿ ಕಾಯಿದೆಯಾಯಿತು. ದೇಶದ ಬಾಯಿ ಕಟ್ಟಿದ್ದ ತುರ್ತುಪರಿಸ್ಥಿತಿಯ ದಿನಗಳು ಅವು. ಆ ಕಾಲವನ್ನು ನಾನು ಹೊಗಳಲಾರೆ. ಕಾಯಿದೆಯನ್ನು ಮಾತ್ರ ಕಣ್ಣಿಗೊತ್ತಿಕೊಳ್ಳುತ್ತೇನೆ.

ಏಕೆಂದರೆ ಅದು ಲೆಕ್ಕದ ಪುಸ್ತಕಕ್ಕೇ ಕೈ ಹಾಕಿತು. ಜೀತದ ಸಾಲ ರದ್ದು ಎಂದಿತು. ತೀರಿಸುವುದು ಬೇಡ, ಕಂತು ಬೇಡ, ರದ್ದು. ಒತ್ತೆ ಇಟ್ಟ ಆಸ್ತಿ ಮರಳಿ ಕೊಡಬೇಕು. ಸಾಲ ಜೀತದ್ದಲ್ಲ ಎಂದು ರುಜುವಾತು ಮಾಡುವ ಹೊಣೆ ಕೊಟ್ಟವನದು, ಹೆಬ್ಬೆಟ್ಟು ಒತ್ತಿದವನದಲ್ಲ. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸೆರೆ. ಒಡೆಯನಿಗೆ ಪರಿಹಾರವಾಗಿ ಒಂದು ಪೈಸೆಯೂ ಇಲ್ಲ. 1978ರಿಂದ ಪುನರ್ವಸತಿಯ ಹಣ ಬಿಡುಗಡೆಯಾದವನ ಹೆಸರಿಗೇ ಬರುವಂತಾಯಿತು, ಮೊದಲು 4,000 ರೂಪಾಯಿ, 2016ರಿಂದ 1 ಲಕ್ಷ ಅಥವಾ ಅದಕ್ಕೂ ಹೆಚ್ಚು. 2 ಕೋಟಿ ಪೌಂಡನ್ನು ಒಡೆಯರಿಗೆ ಸುರಿದ ಬ್ರಿಟನ್ನಿಗಿಂತ ಈ ಒಂದು ವಿಷಯದಲ್ಲಿ ನಮ್ಮ ಕಾಯಿದೆ ಬಹಳ ದೊಡ್ಡದು.

ಕಾಯಿದೆಯೊಂದೇ ಸಾಕಾಗುತ್ತಿತ್ತೇ? ಇಲ್ಲ. ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತ್ತು. ಭದ್ರಾ ನಾಲೆಯ ನೀರು ಬಂದು ಗದ್ದೆಯಲ್ಲಿ ದಿನಗೂಲಿ ಹುಟ್ಟಿತ್ತು. ಹರಿಹರದಲ್ಲಿ ಕಾರ್ಖಾನೆ, ದಾವಣಗೆರೆಯಲ್ಲಿ ಗಿರಣಿ. ಧಣಿಯ ಹಟ್ಟಿ ಬಿಟ್ಟರೆ ಬೇರೆ ಅನ್ನದ ದಾರಿ ಇದೆ ಎಂದು ಹುಡುಗರಿಗೆ ಕಾಣತೊಡಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹರಿಹರದಲ್ಲೇ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಮೇಷ್ಟರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ್ದು ಅದೇ ದಶಕದಲ್ಲಿ. ಹೈಟಿಯವರು ಕತ್ತಿ ಹಿಡಿದು ಮಾಡಿದ್ದನ್ನು ಇವರು ತಮಟೆ, ಹಾಡು, ಅರ್ಜಿ, ಜಾಥಾ ಹಿಡಿದು ಮಾಡಿದರು. ‘ನಾವು ಇನ್ನು ಬರುವುದಿಲ್ಲ’ ಎಂದು ಹೇಳುವ ಧೈರ್ಯವನ್ನು ಕೇರಿಗೆ ತಂದರು.

ನಮ್ಮ ಮನೆಯಲ್ಲೂ ನಡೆದದ್ದು ಅಷ್ಟೇ. 1976ರ ಯುಗಾದಿಯ ಬೆಳಿಗ್ಗೆ ಆ ಚಿಕ್ಕ ಹೆಬ್ಬೆಟ್ಟಿನವರು ಬರಲಿಲ್ಲ. ಅಜ್ಜ ಜಗಲಿಯ ಮೇಲೆ ಹೊಸ ಕಂಬಳಿ, ಹೊಸ ಮೆಟ್ಟು ಇಟ್ಟುಕೊಂಡು ಮಧ್ಯಾಹ್ನದವರೆಗೆ ಕಾದರಂತೆ. ಆ ಮೆಟ್ಟನ್ನು ಮನೆಯವರು ಯಾರೂ ಹಾಕಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಪುಸ್ತಕದಲ್ಲಿ ಆ ವರ್ಷದ ಸಾಲು ಖಾಲಿ. ಚುಕ್ತಾ ಎಂದು ಬರೆಯಲು ಅಜ್ಜನಿಗೆ ಮನಸ್ಸು ಬಂದಿಲ್ಲ.

ಜೀತ ಪೂರ್ತಿ ಹೋಗಿದೆ ಎಂದು ಹೇಳಿ ನಿಮ್ಮನ್ನು ಮನೆಗೆ ಕಳಿಸಲಾರೆ. ಅದರ ಹೆಸರು ಈಗ ಮುಂಗಡ. ಇಟ್ಟಿಗೆ ಭಟ್ಟಿಗೆ, ಕಬ್ಬು ಕಡಿಯಲು, ತೋಟಕ್ಕೆ ಎಂದು ಮೇಸ್ತ್ರಿ ಹಣ ಎಣಿಸಿ ಗಂಡ, ಹೆಂಡತಿ, ಮಕ್ಕಳನ್ನು ಲಾರಿ ಹತ್ತಿಸುತ್ತಾನೆ. ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಕೂಡಿಹಾಕಿದರೆ ಅದು 1976ರ ಕಾಯಿದೆಯಡಿ ಜೀತವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಅಂಥವರು ನಿಮ್ಮ ಕಣ್ಣಿಗೆ ಬಿದ್ದರೆ ಉಪವಿಭಾಗಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ.

ಇನ್ನೊಂದು ಮಾತು, ನನ್ನಂತೆ ಭೂಮಿ ಇದ್ದ ಮನೆಯಲ್ಲಿ ಹುಟ್ಟಿದವರಿಗೆ. ನಿಮ್ಮ ಅಟ್ಟದ ಮೇಲೂ ಇಂಥ ಪುಸ್ತಕ ಇದ್ದೀತು. ಒಲೆಗೆ ಹಾಕಬೇಡಿ, ರದ್ದಿಗೆ ಮಾರಬೇಡಿ. ಮಕ್ಕಳನ್ನು ಕೂರಿಸಿಕೊಂಡು ಒಂದೊಂದು ಪುಟ ಓದಿ. ಆಮೇಲೆ ಆ ಹೆಬ್ಬೆಟ್ಟಿನವರ ಮನೆ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ ಪುಸ್ತಕವನ್ನು ಅವರ ಕೈಗೆ ಕೊಡಿ. ನಾನು ಕಳೆದ ತಿಂಗಳು ಹೋಗಿ ಕೊಟ್ಟು ಬಂದೆ. ಇಂದು ಓದಿ ಹೇಳಿದ ಪುಟ ನಾನು ನಕಲು ಮಾಡಿಕೊಂಡದ್ದು.